ದುಬೈನಲ್ಲಿ ಕಾರು: ಬಡ್ಡಿ ಸಾಲವೋ, ಮುರಾಬಹಾವೋ?

ಮಾಮೂಲಿ ಬ್ಯಾಂಕಿನ ಸಾಲ ನಮಗೆ ಊರಲ್ಲೇ ಗೊತ್ತು: ದುಡ್ಡು ಕೊಡುತ್ತಾರೆ, ಬಡ್ಡಿ ಸೇರಿಸಿ ವಾಪಸ್ ಕೇಳುತ್ತಾರೆ.

ಇಸ್ಲಾಮಿಕ್ ಬ್ಯಾಂಕು ಹಾಗಲ್ಲ. (ಮುಸ್ಲಿಮರಿಗೆ ಮಾತ್ರ ಅಂತೇನಿಲ್ಲ, ಯಾರು ಬೇಕಾದರೂ ಹೋಗಬಹುದು. ದುಬೈ ಇಸ್ಲಾಮಿಕ್ ಬ್ಯಾಂಕ್ 1975ರಿಂದ ಇದೆ.) ಅಲ್ಲಿ ಬಡ್ಡಿಯ ಬದಲು ಮುರಾಬಹಾ ಅನ್ನುವ ಮಾರಾಟದ ಒಪ್ಪಂದ ಇರುತ್ತದೆ: ಬ್ಯಾಂಕು ಮೊದಲು ತಾನೇ ಕಾರು ಕೊಂಡು, ಲಾಭ ಇಟ್ಟು ನಿಮಗೆ ಮಾರುತ್ತದೆ. 60,000 ದಿರ್ಹಮ್ ಕಾರಿಗೆ 9,000 ಲಾಭ ಅಂದುಕೊಳ್ಳಿ. ತಿಂಗಳಿಗೆ 1,150ರಂತೆ 60 ಕಂತು. ಕೊಂಡ ಬೆಲೆ, ಲಾಭ ಎರಡನ್ನೂ ಮೊದಲೇ ಹೇಳಬೇಕು. ಸಹಿಯಾದ ಮೇಲೆ ಬೆಲೆ ಏರುವ ಹಾಗಿಲ್ಲ.

ಸುಮ್ನೆ ಅಗ್ಗ ಅಂದುಕೊಳ್ಳಬೇಡಿ. ಕಂತಿನ ಮೊತ್ತದಲ್ಲಿ ಎಷ್ಟೋ ಸಲ ಜಾಸ್ತಿ ವ್ಯತ್ಯಾಸ ಇರುವುದಿಲ್ಲ. ವ್ಯತ್ಯಾಸ ಕಾಣುವುದು ಕಂತು ತಪ್ಪಿದಾಗ. ಮಾಮೂಲಿ ಬ್ಯಾಂಕಿಗೆ ದಂಡವೂ ಆದಾಯವೇ. ಇಲ್ಲಿ ಸಾಮಾನ್ಯವಾಗಿ ವಸೂಲಿ ಖರ್ಚು ಕಳೆದು ಉಳಿದ ದಂಡ ದಾನಕ್ಕೆ ಹೋಗುತ್ತದೆ. ನಿಮ್ಮ ಕಷ್ಟದಿಂದ ಬ್ಯಾಂಕು ಕಾಸು ಮಾಡುವುದಿಲ್ಲ. ನನಗೆ ಹಿಡಿಸಿದ್ದು ಇದೇ.

ಐದು ವರ್ಷ ಅಲ್ಲೇ ಇರುವವರಾದರೆ ನಾನು ಮುರಾಬಹಾ ಅನ್ನುತ್ತೇನೆ. ಎರಡೇ ವರ್ಷಕ್ಕೆ ಊರಿಗೆ ಹೊರಡುವವರು ತಡೆಯಿರಿ. ಲಾಭ ಬೆಲೆಯೊಳಗೇ ಸೇರಿದೆ ಅಲ್ವಾ? ಮೊದಲೇ ತೀರಿಸಿದರೆ ಎಷ್ಟು ಬಿಡುತ್ತೀರಿ ಅಂತ ಕೇಳಿ, ಬರೆಸಿಕೊಂಡು ಸಹಿ ಹಾಕಿ.