ಹಣ್ಣಿನ ಹಸಿರು ಸ್ಮೂದಿಗೆ ಹಿತ್ತಿಲಿನ ಯಾವ ಸೊಪ್ಪು?

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗಳು ಮೇ ತಿಂಗಳಿನಲ್ಲಿ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ನಮ್ಮ ಮನೆಗೆ ಬಂದಾಗ, ಬೆಳಗಿನ ದೋಸೆಯನ್ನು ಬಿಟ್ಟು ಒಂದು ಲೋಟ ಹಸಿರು ಸ್ಮೂದಿ ಕುಡಿಯುವ ಅಭ್ಯಾಸವನ್ನೂ ಜೊತೆಯಲ್ಲಿ ತಂದಿದ್ದಳು. ಸೊಪ್ಪನ್ನೂ ಹಣ್ಣನ್ನೂ ಹಸಿಯಾಗಿಯೇ ನುಣ್ಣಗೆ ಕಡೆದು, ಸೋಸದೆ ಕುಡಿಯುವ ಈ ಪಾನೀಯಕ್ಕೆ ಅವಳು ಬಳಸುವುದು ಪಾಲಕ್ ಮಾತ್ರ. ನಮ್ಮ ಕಡೆಯ ಸೆಕೆಗೆ ಪಾಲಕ್ ಚೆನ್ನಾಗಿ ಬರುವುದಿಲ್ಲ. ಘಟ್ಟದ ಮೇಲಿನಿಂದ ಲಾರಿಯಲ್ಲಿ ಬಂದು ಪೇಟೆಯ ಅಂಗಡಿ ಸೇರುವಾಗ ಅದರ ಅರ್ಧ ಜೀವ ಹೋಗಿರುತ್ತದೆ. ಹಿತ್ತಿಲಿನಲ್ಲಿ ಬಸಳೆಯ ಚಪ್ಪರ, ಬಾವಿಕಟ್ಟೆಯ ಬದಿಯಲ್ಲಿ ಒಂದೆಲಗ, ಬೇಲಿಯ ಸಾಲಿನಲ್ಲಿ ನುಗ್ಗೆ ಇರುವಾಗ ಬಾಡಿದ ಸೊಪ್ಪಿಗೆ ಹಣ ಕೊಡುವುದು ನನಗೆ ಸರಿಕಾಣಲಿಲ್ಲ. ಆದುದರಿಂದ ಅವಳು ಇದ್ದ ಎರಡು ವಾರವೂ ದಿನಕ್ಕೊಂದು ಲೋಟದಂತೆ, ಐದು ಸೊಪ್ಪುಗಳನ್ನು ಒಂದರ ನಂತರ ಒಂದಾಗಿ ಪರೀಕ್ಷಿಸಿದೆವು.

ಹೋಲಿಕೆಗೆ ಅರ್ಥ ಬರಬೇಕಾದರೆ ಅಳತೆ ಒಂದೇ ಆಗಿರಬೇಕೆಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ. ತೊಳೆದು ನೀರು ಬಸಿದ ಸೊಪ್ಪು 30 ಗ್ರಾಂ, ಕದಳಿ ಬಾಳೆಹಣ್ಣು ಒಂದು, ಮಾವು ಅಥವಾ ಅನಾನಸು 150 ಗ್ರಾಂ, ಬೊಂಡದ ನೀರು, ಅಂದರೆ ಎಳನೀರು, 200 ಮಿಲಿಲೀಟರ್. ಸಕ್ಕರೆ, ಬೆಲ್ಲ, ಜೇನು ಯಾವುದೂ ಇಲ್ಲ. ರುಚಿ ನೋಡಿದವರು ನಾವು ನಾಲ್ವರು: ನಾನು, ನನ್ನ ಯಜಮಾನರು, ಮಗಳು ಮತ್ತು ಎಂಬತ್ತು ದಾಟಿದ ಅತ್ತೆ. ಅತ್ತೆಯವರು ಮೊದಲ ದಿನವೇ ಲೋಟವನ್ನು ಮೂಸಿ ನೋಡಿ, ಇದು ಮಜ್ಜಿಗೆ ಮರೆತ ತಂಬುಳಿ ಎಂದು ತೀರ್ಪು ಕೊಟ್ಟರು. ಆ ಮಾತನ್ನು ನಾನು ಆಗ ತಮಾಷೆಯೆಂದು ತೆಗೆದುಕೊಂಡೆನಾದರೂ, ಪರೀಕ್ಷೆ ಮುಂದುವರಿದಂತೆ ನನ್ನ ಅಳತೆಗೋಲು ಅದೇ ಆಯಿತು. ನಮ್ಮ ಅಡುಗೆಮನೆ ಯಾವ ಸೊಪ್ಪನ್ನು ಹಸಿಯಾಗಿ ಕಡೆದು ಉಣ್ಣುತ್ತ ಬಂದಿದೆ, ಯಾವುದನ್ನು ಬೇಯಿಸದೆ ಮುಟ್ಟುವುದಿಲ್ಲ ಎಂಬುದನ್ನು ನೋಡಿಕೊಂಡರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಈ ಕಾರಣದಿಂದಲೇ ಆರನೆಯ ಸೊಪ್ಪೊಂದನ್ನು ಪರೀಕ್ಷೆಗೆ ಸೇರಿಸಲಿಲ್ಲ. ಕೊಯ್ದಷ್ಟೂ ಚಿಗುರುವ, ಎಷ್ಟೋ ಮನೆಗಳ ಅಂಗಳದಲ್ಲಿ ಬೇಲಿಯಾಗಿ ನಿಂತಿರುವ ಚಕ್ರಮುನಿಯೇ ಅದು. ವಿಟಮಿನ್ ಸೊಪ್ಪು ಎಂಬ ಅಡ್ಡಹೆಸರು ಕೇಳಿದವರಿಗೆ ಸ್ಮೂದಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲವೆಂದು ತೋರುವುದು ಸಹಜ, ಮಗಳ ಕೈ ಮೊದಲು ಹೋದದ್ದೂ ಅದರ ಕಡೆಗೇ. ಆದರೆ 1990ರ ದಶಕದ ನಡುವಿನಲ್ಲಿ ತೈವಾನಿನಲ್ಲಿ ತೂಕ ಇಳಿಸುವ ಆಸೆಯಿಂದ ಇದೇ ಎಲೆಯನ್ನು ಹಸಿಯಾಗಿ, ಹಣ್ಣಿನ ರಸದ ಜೊತೆ ಕಡೆದು ವಾರಗಟ್ಟಲೆ ಕುಡಿದ ನೂರಕ್ಕೂ ಹೆಚ್ಚು ಜನರ ಶ್ವಾಸಕೋಶದ ಸಣ್ಣ ನಾಳಗಳು ಗಾಯಗೊಂಡು ಮುಚ್ಚಿಹೋದವು; ಕೆಲವರು ತೀರಿಕೊಂಡರು, ಕೆಲವರಿಗೆ ಶ್ವಾಸಕೋಶವನ್ನೇ ಬದಲಿಸಬೇಕಾಯಿತು, ಬದುಕುಳಿದ ಹಲವರ ಉಸಿರಾಟ ಮೊದಲಿನಂತೆ ಆಗಲಿಲ್ಲ. ಮಲೇಷ್ಯಾದಲ್ಲಿ ಇದೇ ಸೊಪ್ಪನ್ನು ಬೇಯಿಸಿ ಪಲ್ಯವಾಗಿ ತಿನ್ನುವುದು ತೀರಾ ಸಾಮಾನ್ಯ. ನಮ್ಮಲ್ಲಿಯೂ ಅದು ಸಾಂಬಾರಿಗೆ, ಪಲ್ಯಕ್ಕೆ ಹೋಗುತ್ತದೆಯೇ ಹೊರತು ಹಸಿಯಾಗಿ ಬಾಯಿಗೆ ಹೋಗುವುದಿಲ್ಲ. ಈ ಒಂದು ಸೊಪ್ಪಿನ ವಿಷಯದಲ್ಲಿ ರುಚಿಯ ಹೋಲಿಕೆ ಅನಗತ್ಯ, ಮಿಕ್ಸಿಯ ಹತ್ತಿರಕ್ಕೆ ಅದು ಬರಬಾರದು.

ಮೊದಲು ಪಾಲಕ್. ನಮ್ಮ ಪೇಟೆಗಳಲ್ಲಿ ಪಾಲಕ್ ಎಂದು ಸಿಗುವುದು ಬಹುಮಟ್ಟಿಗೆ ಬೀಟ್‌ರೂಟಿನ ಬಳಗಕ್ಕೆ ಸೇರಿದ ಎಲೆ, ವಿದೇಶದ ಪಾಕವಿಧಾನಗಳು ಹೇಳುವ ಸ್ಪಿನಾಚ್ ಬೇರೆಯೇ ಗಿಡ. ಹಾಗಿದ್ದರೂ ಸ್ಮೂದಿಯ ಮಟ್ಟಿಗೆ ಅದರ ನಡತೆ ಸೌಮ್ಯವಾಗಿತ್ತು. ಮಾವಿನೊಂದಿಗೆ ಕಡೆದಾಗ ಬಣ್ಣ ಗಿಣಿಹಸಿರು, ಸೊಪ್ಪಿನ ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಕೊನೆಯ ಗುಟುಕಿನಲ್ಲಿ ಮಾತ್ರ ನಾಲಿಗೆಯ ಮೇಲೆ ತುಸು ಉಪ್ಪುಪ್ಪಾದ ಮಣ್ಣಿನ ರುಚಿ. ಹಣ್ಣನ್ನು ಮುಂದೆ ಬಿಟ್ಟು ತಾನು ಹಿಂದೆ ನಿಲ್ಲುವ ಈ ಗುಣದಿಂದಲೇ ನಗರದವರು ಇದನ್ನು ಆರಿಸಿಕೊಂಡಿರಬೇಕು. ದೋಷವೆಂದರೆ ಇದರಲ್ಲಿ ಆಕ್ಸಲೇಟ್ ಬಹಳ ಹೆಚ್ಚು. ಅದು ಸೊಪ್ಪಿನಲ್ಲಿರುವ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸಿಗದಂತೆ ಮಾಡುತ್ತದೆ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವ ಪ್ರವೃತ್ತಿ ಇರುವವರಿಗೆ ಅಪಾಯವನ್ನೂ ಹೆಚ್ಚಿಸುತ್ತದೆ. ಕುದಿಯುವ ನೀರಿನಲ್ಲಿ ಸೊಪ್ಪನ್ನು ಒಂದೆರಡು ನಿಮಿಷ ಅದ್ದಿ ಆ ನೀರನ್ನು ಚೆಲ್ಲಿದರೆ ಸ್ವಲ್ಪ ಭಾಗ ಹೋಗುತ್ತದೆಯಾದರೂ, ಜೊತೆಗೆ ಸಿ ಜೀವಸತ್ತ್ವದಲ್ಲಿಯೂ ಒಂದಷ್ಟು ಹೋಗುತ್ತದೆ.

ಹರಿವೆಯ ವಿಷಯವನ್ನು ಬೇಗ ಮುಗಿಸಬಹುದು. ಹಸಿರು ಹರಿವೆ ಕುಡಿಯಬಹುದಾದ ಮಟ್ಟಿಗಿತ್ತು, ಆದರೆ ಹಸಿ ಹುಲ್ಲಿನ ವಾಸನೆ ಅನಾನಸಿನ ಘಮವನ್ನೂ ಮೀರಿ ಬಂತು. ಕೆಂಪು ಹರಿವೆಯನ್ನು ಮಾವಿನ ಜೊತೆ ಕಡೆದಾಗ ಸಿಕ್ಕಿದ್ದು ಮಳೆಗಾಲದ ತೋಡಿನ ನೀರಿನ ಬಣ್ಣ. ಆಕ್ಸಲೇಟ್ ಇದರಲ್ಲಿಯೂ ಕಡಿಮೆಯೇನಲ್ಲ. ಸಾಸಿವೆ ಒಗ್ಗರಣೆ ಮತ್ತು ಹಸಿ ತೆಂಗಿನತುರಿ ಕಾದಿರುವ ಸೊಪ್ಪನ್ನು ಲೋಟಕ್ಕೆ ಎಳೆದು ತರುವ ಅಗತ್ಯ ನಾಲ್ವರಲ್ಲಿ ಯಾರಿಗೂ ಕಾಣಲಿಲ್ಲ.

ನುಗ್ಗೆಸೊಪ್ಪನ್ನು 30 ಗ್ರಾಂ ಹಾಕಿದ ಲೋಟವನ್ನು ಯಾರೂ ಮುಗಿಸಲಿಲ್ಲ. ಎಳೆಯ ಎಲೆಯಾದರೂ ಹಸಿಯಾಗಿ ಕಡೆದಾಗ ಮೂಲಂಗಿಯ ಹಾಗೆ ಗಂಟಲಿಗೆ ತಾಗುವ ಖಾರ, ಅದರ ಬೆನ್ನಿಗೆ ಕಹಿ. ಮರುದಿನ ಒಂದು ದೊಡ್ಡ ಚಮಚದಷ್ಟಕ್ಕೆ ಇಳಿಸಿ ಅನಾನಸಿನೊಂದಿಗೆ ಪ್ರಯತ್ನಿಸಿದಾಗ ಸಹ್ಯವಾಯಿತು, ಆದರೆ ಆಗ ಪಾನೀಯ ಹಸಿರೂ ಅಲ್ಲ ಹಳದಿಯೂ ಅಲ್ಲ ಎಂಬಂತಿತ್ತು. ಎಲೆಯ ಜೊತೆ ಕಡ್ಡಿಯ ಚೂರು ಸೇರಿದರೆ ಸಾಮಾನ್ಯ ಮಿಕ್ಸಿಯಲ್ಲಿ ಅದು ನುಣ್ಣಗಾಗುವುದೇ ಇಲ್ಲ ಎಂಬುದನ್ನೂ ಹಲ್ಲಿನ ಸಂದಿಯಿಂದ ಕಲಿತೆವು.

ಬಸಳೆಯ ಬಗ್ಗೆ ನನಗೆ ಪೂರ್ವಗ್ರಹವಿತ್ತು. ಮಣ್ಣಿನ ಪಾತ್ರೆಯಲ್ಲಿ ಬೆಂದು, ಹಲಸಿನ ಬೀಜವನ್ನೋ ತೊಗರಿಯನ್ನೋ ಕೂಡಿಕೊಂಡು ಬರುವ ಅದರ ಕೊದ್ದೆಲನ್ನು ಎಷ್ಟು ಮೆಚ್ಚಿದರೂ, ಹಸಿ ಬಸಳೆಯ ಲೋಳೆಯನ್ನು ಲೋಟದಲ್ಲಿ ಊಹಿಸಿಕೊಳ್ಳಲು ಆಗಿರಲಿಲ್ಲ. ಪರೀಕ್ಷೆಯಲ್ಲಿ ನನ್ನನ್ನು ಸುಳ್ಳಾಗಿಸಿದ್ದು ಅದೇ ಲೋಳೆ. ಕಡೆದ ಕೂಡಲೇ ಕುಡಿದರೆ ಅದು ಪಾನೀಯಕ್ಕೆ ಕೆನೆಯ ಮೈ ಕೊಡುತ್ತದೆ, ಬೊಂಡದ ನೀರು ಮತ್ತು ಹಣ್ಣಿನ ತಿರುಳು ಬೇರೆ ಬೇರೆಯಾಗಿ ನಿಲ್ಲುವುದಿಲ್ಲ, ದಪ್ಪಕ್ಕಾಗಿ ಬಾಳೆಹಣ್ಣು ಬೇಕೇಬೇಕು ಎಂಬ ಕಟ್ಟಳೆಯೂ ಉಳಿಯುವುದಿಲ್ಲ. ಅನಾನಸಿನ ಹುಳಿ ಲೋಳೆಯನ್ನು ಹತೋಟಿಯಲ್ಲಿಡುತ್ತದೆ. ಮಾವಿನ ಜೊತೆ ಮಾತ್ರ ಎರಡೂ ಮೆತ್ತಗಾಗಿ ಬಾಯಿಗೆ ಅಂಟಿದಂತಾಯಿತು. ಒಂದು ದಿನ ಯಜಮಾನರು ತೋಟದಿಂದ ಬರುವುದು ತಡವಾಗಿ ಅವರ ಪಾಲು ಇಪ್ಪತ್ತು ನಿಮಿಷ ಮೇಜಿನ ಮೇಲೆ ಉಳಿಯಿತು. ಬಂದವರು ಚಮಚದಿಂದ ಎತ್ತಿದಾಗ ಅದು ನೂಲಿನಂತೆ ಎಳೆ ಎಳೆಯಾಗಿ ಇಳಿಯುವುದನ್ನು ಕಂಡು, ಏನೂ ಹೇಳದೆ ಲೋಟವನ್ನು ಕೆಳಗಿಟ್ಟು ದೋಸೆ ಕೇಳಿದರು. ಬಸಳೆಯನ್ನು ಬಳಸುವವರು ಚಪ್ಪರದ ತುದಿಯ ಎಳೆಯ ಎಲೆಗಳನ್ನು ಮಾತ್ರ ಕೊಯ್ಯಬೇಕು, ದಂಟನ್ನು ಪೂರ್ತಿ ಬಿಡಬೇಕು, ಕಡೆದ ಐದು ನಿಮಿಷದೊಳಗೆ ಕುಡಿಯಬೇಕು. ಆಕ್ಸಲೇಟಿನ ಎಚ್ಚರಿಕೆ ಇದಕ್ಕೂ ಅನ್ವಯಿಸುತ್ತದೆ.

ಒಂದೆಲಗದ ಕಥೆ ತಿರುವುಮುರುವಾಗಿತ್ತು. ತುಳುವಿನಲ್ಲಿ ತಿಮರೆ ಎನಿಸಿಕೊಳ್ಳುವ ಈ ಎಲೆಯನ್ನು ಹಸಿಯಾಗಿ ಕಡೆದು ತಂಬುಳಿ, ಚಟ್ನಿ ಮಾಡುವುದು ನಮಗೆ ತಲೆತಲಾಂತರದ ರೂಢಿ. ಆದುದರಿಂದ ಇದೇ ಗೆಲ್ಲುವುದೆಂದು ಮೊದಲೇ ಅಂದುಕೊಂಡಿದ್ದೆ. 30 ಗ್ರಾಂ ಅಳತೆಯಲ್ಲಿ ಅದು ದಾರುಣವಾಗಿ ಸೋತಿತು: ಕಹಿ, ಒಗರು, ಮೂಗಿಗೇರುವ ಕಟು ಪರಿಮಳ. ತಪ್ಪು ಎಲೆಯದ್ದಲ್ಲ, ಅಳತೆಯದ್ದು ಎಂದು ತೋರಿಸಿದವರು ಅತ್ತೆ. ನಾಲ್ಕು ಜನರ ತಂಬುಳಿಗೆ ಒಂದು ಹಿಡಿ ಎಲೆ ಹಾಕುವವರು ಒಬ್ಬರ ಲೋಟಕ್ಕೆ ಅಷ್ಟನ್ನೇ ಹಾಕಿದರೆ ಇನ್ನೇನಾದೀತು ಎಂಬ ಅವರ ಪ್ರಶ್ನೆಗೆ ಉತ್ತರವಿರಲಿಲ್ಲ. ಸಮಾನ ಅಳತೆಯ ನನ್ನ ನಿಯಮವನ್ನು ಮುರಿದು, ಒಂದು ಲೋಟಕ್ಕೆ ಬೇರಿಲ್ಲದ 12ರಿಂದ 15 ಎಲೆ, ಚೆನ್ನಾಗಿ ಹಣ್ಣಾದ ಮಾವು, ಉಗುರಿನಷ್ಟು ಶುಂಠಿ, ಎರಡು ಚಮಚ ಬನ್ನಂಗಾಯಿಯ (ಬೊಂಡಕ್ಕಿಂತ ತುಸು ಬಲಿತ ಎಳೆಯ ತೆಂಗಿನಕಾಯಿಯ) ತಿರುಳು ಎಂದು ಬದಲಿಸಿದಾಗ ಎರಡು ವಾರದ ಅತ್ಯುತ್ತಮ ಲೋಟ ಸಿಕ್ಕಿತು. ಪಾಲಕ್ ಹಣ್ಣಿನ ಹಿಂದೆ ಅಡಗುತ್ತದೆ, ಒಂದೆಲಗ ಹಣ್ಣಿನ ಪಕ್ಕದಲ್ಲಿ ಕೂರುತ್ತದೆ. ಮಾವಿನ ಸಿಹಿ ಇಳಿದ ಮೇಲೆ ಬರುವ ಆ ತಣ್ಣನೆಯ ಒಗರು ಇಲ್ಲದಿದ್ದರೆ ಅದು ಬರೀ ಮಾವಿನ ಸೀಕರಣೆಯಾಗುತ್ತಿತ್ತು. ಸಿಹಿ ಕಡಿಮೆಯಿರುವ ಅನಾನಸಿನ ಜೊತೆ ಮಾತ್ರ ಇದನ್ನು ಸೇರಿಸಬಾರದು, ಹುಳಿ ಮತ್ತು ಒಗರು ಒಂದನ್ನೊಂದು ಹೆಚ್ಚಿಸುತ್ತವೆ.

ದ್ರವದ ಆಯ್ಕೆಯಲ್ಲಿ ಹೆಚ್ಚಿನ ಗೊಂದಲವಾಗಲಿಲ್ಲ. ಹಾಲನ್ನು ಅನಾನಸಿನೊಂದಿಗೆ ಕಡೆದು ಅರ್ಧ ಗಂಟೆ ಇಟ್ಟ ಲೋಟ ಕಹಿಯಾಗಿತ್ತು. ಹಸಿ ಅನಾನಸಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುವುದರಿಂದ ಹೀಗಾಗುತ್ತದೆ. ಪಪ್ಪಾಯದಲ್ಲಿಯೂ ಇಂಥದೇ ಕಿಣ್ವವಿದೆ. ಮಜ್ಜಿಗೆ ಹಾಕಿದ ದಿನ ಅತ್ತೆಯವರು ಸಂತೋಷದಿಂದ ಉಪ್ಪು ಬೆರೆಸಿ ಅನ್ನಕ್ಕೆ ಕಲಸಿಕೊಂಡರು. ಬೊಂಡದ ನೀರೇ ಎಲ್ಲಕ್ಕೂ ಹೊಂದಿತು, ಅದರ ಜೊತೆ ಬನ್ನಂಗಾಯಿಯ ತಿರುಳನ್ನು ಸೇರಿಸುವುದಕ್ಕೆ ರುಚಿಯ ಹೊರತಾಗಿ ಇನ್ನೊಂದು ಕಾರಣವೂ ಇದೆ: ಸೊಪ್ಪಿನ ಮತ್ತು ಮಾವಿನ ಕ್ಯಾರೊಟಿನ್ (ದೇಹದಲ್ಲಿ ಎ ಜೀವಸತ್ತ್ವವಾಗುವ ಬಣ್ಣದ ಅಂಶ) ದೇಹಕ್ಕೆ ಹೀರಿಕೆಯಾಗಬೇಕಾದರೆ ಸ್ವಲ್ಪ ಕೊಬ್ಬು ಜೊತೆಗಿರಬೇಕು.

ಬಾಳೆಹಣ್ಣಿನ ಬಗ್ಗೆ ಒಂದು ಮಾತು. ಕದಳಿಯ ಸಿಹಿ ಚೆನ್ನಾಗಿ ಒಪ್ಪಿತು, ನೇಂದ್ರ ಹಿಟ್ಟಿನಂತಾಯಿತು. ಬಾಳೆಹಣ್ಣಿನ ತಿರುಳನ್ನು ಕಪ್ಪಾಗಿಸುವ ಕಿಣ್ವ ಸೇಬು, ದ್ರಾಕ್ಷಿ, ಬೆರ್ರಿಗಳಲ್ಲಿರುವ ಫ್ಲೇವನಾಲ್ ಎಂಬ ಉಪಯುಕ್ತ ಅಂಶವನ್ನು ದೇಹಕ್ಕೆ ಸಿಗದಂತೆ ತಡೆಯುತ್ತದೆ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2023ರಲ್ಲಿ ಪ್ರಕಟಿಸಿದ್ದಾರೆ. ಆ ಹಣ್ಣುಗಳನ್ನು ಹಾಕುವವರು ಬಾಳೆಯನ್ನು ಬಿಡುವುದು ಒಳ್ಳೆಯದು. ಮಾವು ಮತ್ತು ಅನಾನಸಿನ ನಮ್ಮ ಲೋಟಕ್ಕೆ ಅದು ದೊಡ್ಡ ಚಿಂತೆಯಾಗಿ ನನಗೆ ತೋರಲಿಲ್ಲ.

ಕಡೆಯುವ ಕ್ರಮದಿಂದ ಆಗುವ ವ್ಯತ್ಯಾಸ ಸೊಪ್ಪಿನ ವ್ಯತ್ಯಾಸಕ್ಕಿಂತ ಕಡಿಮೆಯದಲ್ಲ. ಎಲ್ಲವನ್ನೂ ಒಟ್ಟಿಗೆ ದೊಡ್ಡ ಜಾರಿಗೆ ಸುರಿದ ಮೊದಲ ದಿನ ಎಲೆಯ ಚೂರುಗಳು ಮೇಲೆ ತೇಲಿ ಬ್ಲೇಡಿಗೆ ಸಿಗದೆ ಉಳಿದವು. ಚಟ್ನಿಯ ಸಣ್ಣ ಜಾರಿನಲ್ಲಿ ಸೊಪ್ಪು ಮತ್ತು ಕಾಲು ಭಾಗದಷ್ಟು ಬೊಂಡದ ನೀರನ್ನು ಮಾತ್ರ ಹಾಕಿ ಮುಕ್ಕಾಲು ನಿಮಿಷ ಕಡೆದು, ಆಮೇಲೆ ಹಣ್ಣು ಮತ್ತು ಉಳಿದ ನೀರನ್ನು ದೊಡ್ಡ ಜಾರಿನಲ್ಲಿ ಸೇರಿಸಿದರೆ ಸೋಸುವ ಪ್ರಶ್ನೆಯೇ ಬರುವುದಿಲ್ಲ. ಹೆಚ್ಚು ಹೊತ್ತು ಓಡಿದ ಮಿಕ್ಸಿ ಪಾನೀಯವನ್ನು ಬೆಚ್ಚಗೆ ಮಾಡುವುದರಿಂದ ಹಣ್ಣಿನ ಹೋಳುಗಳನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿ ಇಡುವುದು ಮಂಜುಗಡ್ಡೆ ಹಾಕುವುದಕ್ಕಿಂತ ಮೇಲು, ರುಚಿ ತೆಳುವಾಗುವುದಿಲ್ಲ. ನಿಂಬೆರಸವನ್ನು ಕೊನೆಯಲ್ಲಿ ಹಿಂಡಬೇಕು. ಹುಳಿಯ ಸಂಗದಲ್ಲಿ ಎಲೆಯ ಹಸಿರು ದ್ರವ್ಯದ ನಡುವಿನ ಮೆಗ್ನೀಸಿಯಂ ಕಳಚಿಕೊಂಡು ಬಣ್ಣ ನಿಧಾನವಾಗಿ ಕಂದಿಗೆ ತಿರುಗುತ್ತದೆ. ಆದರೆ ನಿಂಬೆಯ ಸಿ ಜೀವಸತ್ತ್ವ ಸೊಪ್ಪಿನ ಕಬ್ಬಿಣದ ಹೀರಿಕೆಗೆ ನೆರವಾಗುವುದರಿಂದ ಅದನ್ನು ಪೂರ್ತಿ ಬಿಡುವುದೂ ಸರಿಯಲ್ಲ.

ಹಸಿ ಸೊಪ್ಪೆಂದ ಮೇಲೆ ತೊಳೆಯುವ ವಿಷಯವನ್ನು ಹಗುರವಾಗಿ ನೋಡಲಾಗದು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿದದ್ದನ್ನು ಕಂಡ ಈ ಜಿಲ್ಲೆಯವರಿಗೆ ಎಲೆಯ ಮೇಲೆ ಏನು ಬಿದ್ದಿದೆ ಎಂದು ಕೇಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಒಂದೆಲಗ ನೆಲಕ್ಕೆ ಅಂಟಿ, ತೇವದಲ್ಲಿ ಬೆಳೆಯುವ ಬಳ್ಳಿ. ಮಳೆಗಾಲದಲ್ಲಿ ಇಲಿಜ್ವರದ ಭಯವಿರುವಾಗ ತೋಡಿನ ಬದಿಯಿಂದಾಗಲಿ ಕೊಟ್ಟಿಗೆಯ ಹಿಂದಿನಿಂದಾಗಲಿ ಕೊಯ್ದದ್ದನ್ನು ಹಸಿಯಾಗಿ ಬಳಸಬಾರದು. ನಾನು ಎಲೆಗಳನ್ನು ಉಪ್ಪುನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಆಮೇಲೆ ನಳ್ಳಿಯ ನೀರಿನಲ್ಲಿ ಎಲೆ ಎಲೆಯಾಗಿ ಮೂರು ಬಾರಿ ತೊಳೆಯುತ್ತೇನೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಸೇವಿಸುವವರು ಕೆ ಜೀವಸತ್ತ್ವ ಹೇರಳವಾಗಿರುವ ಸೊಪ್ಪುಗಳ ಪ್ರಮಾಣವನ್ನು ವೈದ್ಯರನ್ನು ಕೇಳದೆ ಹೆಚ್ಚಿಸಬಾರದು. ಸಕ್ಕರೆ ಕಾಯಿಲೆಯವರಿಗೆ ಬಾಳೆ ಮತ್ತು ಮಾವು ಒಂದೇ ಲೋಟದಲ್ಲಿ ಹೆಚ್ಚಾಗುತ್ತದೆ.

ಈಗ ನಮ್ಮ ಮನೆಯಲ್ಲಿ ಮಾವು ಇರುವಷ್ಟು ದಿನ ವಾರಕ್ಕೆರಡು ಬಾರಿ ಒಂದೆಲಗ, ಅನಾನಸು ತಂದಾಗ ಬಸಳೆ ಎಂಬ ಕ್ರಮ ನಡೆಯುತ್ತಿದೆ. ಯಜಮಾನರು ಬಸಳೆಯ ದಿನ ಗಡಿಯಾರ ನೋಡಿಕೊಂಡೇ ತೋಟದಿಂದ ಮರಳುತ್ತಾರೆ. ಮಗಳು ಹೊರಡುವಾಗ ಒಂದೆಲಗದ ನಾಲ್ಕು ಬಳ್ಳಿಗಳನ್ನು ಬೇರುಸಹಿತ ಒದ್ದೆಬಟ್ಟೆಯಲ್ಲಿ ಸುತ್ತಿ ಒಯ್ದಳು. ಬಾಲ್ಕನಿಯ ಕುಂಡದಲ್ಲಿ ಅದು ಹಿಡಿದಿದೆಯಂತೆ, ಆದರೆ ಲೋಟಕ್ಕೆ ಬೇಕಾದ ಹದಿನೈದು ಎಲೆ ಇನ್ನೂ ಒಟ್ಟಿಗೆ ಬಂದಿಲ್ಲವಾದ್ದರಿಂದ ಅಲ್ಲಿಯವರೆಗೆ ಪಾಲಕ್ಕೇ ಗತಿಯೆಂದು ಹೇಳಿದ್ದಾಳೆ.