ಮೋಟರ್‌ಹೋಮೋ, ಎಳೆದೊಯ್ಯುವ ಕ್ಯಾರವಾನೋ?

ಮೈಸೂರಿನಿಂದ ಊಟಿ, ವಯನಾಡು ಅಂತ ಆಗಾಗ ಹೊರಡುವವರಾದರೆ ಮೋಟರ್‌ಹೋಮ್ ಒಳ್ಳೆಯದು. ಇಂಜಿನ್, ಅಡುಗೆಮನೆ, ಹಾಸಿಗೆ ಎಲ್ಲ ಒಂದೇ ಗಾಡಿಯಲ್ಲಿ. ಆದರೆ ಅರ್ಧ ಲೀಟರ್ ಹಾಲಿಗೂ ಇಡೀ ಮನೆಯನ್ನೇ ಓಡಿಸಬೇಕು! ಗ್ಯಾರೇಜಿಗೆ ಬಿಟ್ಟರೆ ಮನೆಯೂ ಹೋಯ್ತು.

ಕ್ಯಾರವಾನ್ ಅಂದರೆ ಕಾರಿನ ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಎಳೆಯುವ, ಇಂಜಿನ್ ಇಲ್ಲದ ಗಾಲಿಮನೆ. ಅದನ್ನು ಬಿಚ್ಚಿ ನಿಲ್ಲಿಸಿ ಕಾರಿನಲ್ಲಿ ಸುತ್ತಬಹುದು. ಕಷ್ಟ ಇರುವುದು ಎಳೆಯುವುದರಲ್ಲಿ. ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರ್ ಮುಂದಿನ ಚಕ್ರ ಎತ್ತುವುದನ್ನು ನೋಡಿದ್ದೀರಲ್ವಾ? ಕೊಕ್ಕೆಯ ಮೇಲೆ ಭಾರ ಅತಿಯಾದರೆ ಕಾರಿನ ಮೂತಿಯೂ ಹಾಗೇ ಹಗುರಾಗುತ್ತದೆ. ಭಾರ ಕಡಿಮೆಯಾದರೆ ಇನ್ನೂ ಅಪಾಯ, ಕ್ಯಾರವಾನ್ ಬಾಲ ಅಲ್ಲಾಡಿಸುತ್ತದೆ. ಕ್ಯಾರವಾನಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಕ್ಕೆಯ ಮೇಲಿರಲಿ. ಅಂದರೆ 1,000 ಕೆಜಿಗೆ 100ರಿಂದ 150 ಕೆಜಿ. ಅಲ್ಲಾಡಲು ಶುರುವಾದರೆ ಗಾಬರಿಯಿಂದ ಬ್ರೇಕ್ ತುಳಿಯಬೇಡಿ. ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ನೇರ ಹಿಡಿಯಿರಿ.

ಯಾವುದನ್ನೇ ಸೆಕೆಂಡ್ ಹ್ಯಾಂಡ್ ಕೊಳ್ಳಿ, ಒಳಗಿನ ಮೂಲೆಗಳನ್ನು ಹೆಬ್ಬೆರಳಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಮಳೆನೀರು ಇಳಿದಿದೆ, ಸುಮ್ನೆ ವಾಪಸ್ ಬನ್ನಿ. ಟೈರಿನ ಬದಿಯಲ್ಲಿ 2319 ಅಂತಿದ್ದರೆ ಅದು 2019ರ 23ನೇ ವಾರದ್ದು. ನಿಂತೇ ಇದ್ದ ಗಾಡಿಯ ಟೈರ್ ಸವೆಯದಿದ್ದರೂ ಬಿರುಕು ಬಿಡುತ್ತದೆ.

ನಾನಾದರೆ ಮೊದಲು ಮೋಟರ್‌ಹೋಮ್ ಒಂದನ್ನು ಎರಡು ದಿನ ಬಾಡಿಗೆಗೆ ತಗೊಳ್ತೀನಿ. ಹೊರಡುವಾಗ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಅನ್ನೋದು ನೆನಪಿರಲಿ.