ಕಂಚಗಾರ ಗಲ್ಲಿಯ ತಾಮ್ರದ ನಾಲಿಗೆಪಟ್ಟಿ: ಐದು ತಿಂಗಳ ಬಳಕೆಯ ನಂತರ

ಹುಬ್ಬಳ್ಳಿಯ ಕಂಚಗಾರ ಗಲ್ಲಿಯ ಒಂದು ಪಾತ್ರೆ ಅಂಗಡಿಯಲ್ಲಿ 110 ರೂಪಾಯಿ ಕೊಟ್ಟು ಕೊಂಡ, ನಾಲಿಗೆಯನ್ನು ಹೆರೆದು ಶುಚಿ ಮಾಡುವ ತಾಮ್ರದ ನಾಲಿಗೆಪಟ್ಟಿಯ ಬಗ್ಗೆ ಈ ಬರಹ. ಕುದುರೆ ಲಾಳದ ಹಾಗೆ ಬಾಗಿದ, ಎರಡೂ ತುದಿಗಳಲ್ಲಿ ಹಿಡಿಕೆಯಿರುವ ಈ ಪಟ್ಟಿಯನ್ನು ನಾನು ಐದು ತಿಂಗಳಿಂದ ಒಂದು ದಿನವೂ ಬಿಡದೆ ಬಳಸಿದ್ದೇನೆ. ಆದರೆ ಪಟ್ಟಿಯೊಂದನ್ನೇ ಹೊಗಳಿ ಬರೆದರೆ ಓದುವವರಿಗೆ ಅರ್ಧ ಮಾತು ಹೇಳಿದಂತಾಗುತ್ತದೆ. ಏಕೆಂದರೆ ಇದರ ಉಪಯೋಗ ನನಗೆ ತಿಳಿದದ್ದು ಬಾಯಿ ವಾಸನೆಯ ತೊಂದರೆಗೆಂದು ದಂತ ಚಿಕಿತ್ಸಾಲಯದಲ್ಲಿ ಹಲ್ಲುಗಳನ್ನು ಶುಚಿ ಮಾಡಿಸಿಕೊಂಡ ಮೇಲೆ. ಆದ್ದರಿಂದ ಆ ಚಿಕಿತ್ಸೆಯ ಬಗ್ಗೆಯೂ, ಅದಕ್ಕೂ ಮೊದಲು ನಾನು ವ್ಯರ್ಥವಾಗಿ ಹಣ ಸುರಿದ ವಸ್ತುಗಳ ಬಗ್ಗೆಯೂ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಗಿರಾಕಿಯ ಎದುರು ಕುಳಿತು, ಅವರ ಕಣ್ಣಿಗೆ ನನ್ನ ಕಣ್ಣು ಸಮನಾಗಿರುವಂತೆ ನೋಡಿಕೊಂಡು, ಎರಡು ಪಾಪೆಗಳ ನಡುವಿನ ಅಂತರವನ್ನು ಮಿಲಿಮೀಟರುಗಳಲ್ಲಿ ಅಳೆಯುವುದು, ಫ್ರೇಮಿನ ಗಾಜಿನ ಮೇಲೆ ಪಾಪೆಯ ನೇರಕ್ಕೆ ಚುಕ್ಕೆ ಇಡುವುದು, ಕಿವಿಯ ಹಿಂದೆ ಕಡ್ಡಿ ಒತ್ತುತ್ತಿದೆಯೇ ಎಂದು ಬಗ್ಗಿ ನೋಡುವುದು ನನ್ನ ದಿನದ ಕೆಲಸ. ಇವೆಲ್ಲವೂ ಒಂದು ಮೊಳದ ಒಳಗೇ ಆಗಬೇಕಾದ ಕೆಲಸಗಳು, ಮತ್ತು ಮಾಡುತ್ತಿರುವಾಗ 'ನೇರವಾಗಿ ನೋಡಿ, ಅಲುಗಾಡಬೇಡಿ' ಎಂದು ಮಾತಾಡುತ್ತಲೇ ಇರಬೇಕು. ಮೇಜಿನ ಆಚೆಗೆ ಕುಳಿತು ಕಡತ ನೋಡುವವರಿಗೆ ಇರುವ ದೂರದ ಅನುಕೂಲ ನಮಗೆ ಇಲ್ಲ. ಗಿರಾಕಿಗಳು ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದುದನ್ನು, ಉಸಿರು ಬಿಗಿಹಿಡಿಯುತ್ತಿದ್ದುದನ್ನು ನಾನು ಎಷ್ಟೋ ತಿಂಗಳು ನೋಡಿಯೂ ಅರ್ಥ ಮಾಡಿಕೊಂಡಿರಲಿಲ್ಲ. ನಮ್ಮ ಮೂಗು ನಮ್ಮದೇ ಬಾಯಿಯ ವಾಸನೆಗೆ ಒಗ್ಗಿಹೋಗಿರುತ್ತದೆ. ಹಾಗಾಗಿ ಬೇರೆಯವರು ಹೇಳುವವರೆಗೂ ಹೆಚ್ಚಿನವರಿಗೆ ಇದು ಗೊತ್ತೇ ಆಗುವುದಿಲ್ಲ.

ನನಗೆ ಹೇಳಿದವರು ನಮ್ಮ ಅಂಗಡಿಯಲ್ಲಿ ಬಿಲ್ಲು ಬರೆಯುವ ಅಕ್ಕ. ಒಂದು ಮಧ್ಯಾಹ್ನ, ಗಾಜು ಕೊರೆಯುವ ಹಿಂದಿನ ಕೋಣೆಗೆ ನನ್ನೊಬ್ಬಳನ್ನೇ ಕರೆದು, ಬಾಗಿಲು ಮುಂದೆ ಮಾಡಿ, "ತಂಗಿ, ಸಿಟ್ಟಾಗಬ್ಯಾಡ. ನಿನ್ನ ಬಾಯಿಂದ ವಾಸನಿ ಬರಾಕತ್ತೈತಿ, ಮಂದಿ ನಿನ್ನ ಮುಂದ ಕುಂದ್ರಾಕ ಹಿಂದ-ಮುಂದ ನೋಡಾಕತ್ತಾರ. ಹಲ್ಲಿನ ಡಾಕ್ಟರಿಗೆ ತೋರಸು," ಎಂದರು. ಆ ಕ್ಷಣದಲ್ಲಿ ನನ್ನ ಕಿವಿಗಳು ಬಿಸಿಯಾದವು, ಕಣ್ಣು ತುಂಬಿ ಬಂತು. ಇಷ್ಟು ದಿನ ಎಷ್ಟು ಜನ ಮನೆಗೆ ಹೋಗಿ ನನ್ನ ಬಗ್ಗೆ ಮಾತಾಡಿಕೊಂಡಿರಬಹುದು ಎಂಬ ಯೋಚನೆಯೇ ರಾತ್ರಿಯಿಡೀ ಕಾಡಿತು. ಮರುದಿನದಿಂದ ದುಪಟ್ಟಾದ ಅಂಚನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡತೊಡಗಿದೆ, ಊಟದ ಹೊತ್ತಿನಲ್ಲಿ ಎಲ್ಲರಿಂದ ದೂರ ಕುಳಿತೆ. ಆದರೂ, ಹೇಳುವುದಕ್ಕೆ ಆ ಅಕ್ಕನಿಗೆ ನನಗಿಂತ ಹೆಚ್ಚು ಕಷ್ಟವಾಗಿತ್ತು ಎಂಬುದು ಈಗ ತಿಳಿಯುತ್ತದೆ.

ಮೊದಲು ಅವರ ಮಾತು ನಿಜವೇ ಎಂದು ಪರೀಕ್ಷಿಸಿಕೊಂಡೆ. ಮಣಿಕಟ್ಟಿನ ಒಳಬದಿಯನ್ನು ನಾಲಿಗೆಯಿಂದ ನೆಕ್ಕಿ, ಅದು ಆರುವವರೆಗೆ ಹತ್ತು ಸೆಕೆಂಡು ಬಿಟ್ಟು ಮೂಸಿ ನೋಡುವುದು ಒಂದು ವಿಧಾನ. ಆದರೆ ಅದು ನಾಲಿಗೆಯ ತುದಿಯ ವಾಸನೆಯನ್ನಷ್ಟೇ ತೋರಿಸುತ್ತದೆ. ಉಕ್ಕಿನ ಚಮಚವನ್ನು ಬೋರಲು ಮಾಡಿ ನಾಲಿಗೆಯ ಹಿಂಭಾಗವನ್ನು ಮೆಲ್ಲಗೆ ಹೆರೆದು, ಅಂಟಿ ಬಂದ ಬಿಳಿ ಲೋಳೆಯನ್ನು ಮೂಸಿದಾಗ ನನಗೆ ಯಾವ ಅನುಮಾನವೂ ಉಳಿಯಲಿಲ್ಲ.

ನಾಚಿಕೆಯಿಂದಾಗಿ ವೈದ್ಯರ ಬಳಿಗೆ ಹೋಗದೆ ಎರಡು ತಿಂಗಳು ಕಳೆದೆ. ಆ ಅವಧಿಯಲ್ಲಿ ಏಲಕ್ಕಿ, ಲವಂಗ, ಬಡೇಸೋಪು, ಪುದೀನಾ ಗುಳಿಗೆಗಳು, ಹಸಿರು ಬಣ್ಣದ ಬಾಯಿ ಮುಕ್ಕಳಿಸುವ ದ್ರವ, ಎರಡು ಬಗೆಯ ಟೂತ್‌ಪೇಸ್ಟ್ ಎಲ್ಲ ಸೇರಿ ಸಾವಿರ ರೂಪಾಯಿಗೂ ಹೆಚ್ಚು ಖರ್ಚಾಯಿತು. ಇವುಗಳಲ್ಲಿ ಒಂದೂ ಅರ್ಧ ಗಂಟೆಗಿಂತ ಹೆಚ್ಚು ಕಾಲ ವಾಸನೆಯನ್ನು ತಡೆಯಲಿಲ್ಲ. ಸಕ್ಕರೆಯ ಗುಳಿಗೆಗಳು ಬಾಯಿಯ ಸೂಕ್ಷ್ಮಾಣುಗಳಿಗೆ ಇನ್ನಷ್ಟು ಆಹಾರ ಒದಗಿಸುತ್ತವೆ, ಮದ್ಯಸಾರವಿರುವ ದ್ರವಗಳು ಬಾಯಿಯನ್ನು ಒಣಗಿಸುತ್ತವೆ ಎಂದು ಮುಂದೆ ವೈದ್ಯರು ಹೇಳಿದಾಗ ನನಗೆ ಬಹಳ ವ್ಯಥೆಯಾಯಿತು. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಹಲ್ಲುಜ್ಜುವಾಗ ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ ರಕ್ತ ಬರುತ್ತಿತ್ತು, ಹೆದರಿ ಆ ಜಾಗವನ್ನು ಉಜ್ಜುವುದನ್ನೇ ಬಿಟ್ಟಿದ್ದೆ. ರಕ್ತ ಬರುವ ವಸಡು ಶುಚಿಯನ್ನು ಬೇಡುತ್ತಿರುತ್ತದೆ. ಉಜ್ಜದೆ ಬಿಟ್ಟರೆ ಊತ ಹೆಚ್ಚುತ್ತಲೇ ಹೋಗುತ್ತದೆ.

ಕೊನೆಗೆ ನಾನು ಹೋದದ್ದು ವಿದ್ಯಾನಗರದ ಒಂದು ಚಿಕಿತ್ಸಾಲಯಕ್ಕೆ. ಅಲ್ಲಿನ ವೈದ್ಯೆ ಬಾಯಿ ತೆರೆಸುವ ಮೊದಲು ಹದಿನೈದು ನಿಮಿಷ ಪ್ರಶ್ನೆ ಕೇಳಿದರು: ಬೆಳಿಗ್ಗೆ ಬಾಯಿ ಒಣಗಿರುತ್ತದೆಯೇ, ಮೂಗು ಕಟ್ಟುತ್ತದೆಯೇ, ಅಲರ್ಜಿಯ ಮಾತ್ರೆ ನುಂಗುತ್ತೀರಾ, ಸಕ್ಕರೆ ಕಾಯಿಲೆ ಇದೆಯೇ, ಉಪವಾಸ ಮಾಡುತ್ತೀರಾ, ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ. ಕೊನೆಯ ಪ್ರಶ್ನೆಗೆ ನಾನು ತಡವರಿಸಿದೆ. ನಾವು ಕೆಲಸ ಮಾಡುವ ಕಟ್ಟಡದಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿರುತ್ತಾರೆ, ಕೀಲಿಗೆ ಪ್ರತಿ ಸಲ ಗಂಡಸೊಬ್ಬರನ್ನು ಕೇಳಬೇಕು. ಆ ಮುಜುಗರ ತಪ್ಪಿಸಿಕೊಳ್ಳಲು ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಎರಡು ಲೋಟ ನೀರಿನಲ್ಲೇ ದಿನ ದೂಡುವುದು ನನಗೆ ರೂಢಿಯಾಗಿತ್ತು. ಬಾಯಿಯನ್ನು ಸದಾ ತೊಳೆಯುತ್ತಿರುವುದು ಜೊಲ್ಲು, ಅದು ಕಡಿಮೆಯಾದರೆ ಸೂಕ್ಷ್ಮಾಣುಗಳಿಗೆ ಸುಗ್ಗಿ, ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದಲೇ ಎಲ್ಲರಿಗೂ ಮುಂಜಾನೆ ಬಾಯಿ ವಾಸನೆ ಬರುತ್ತದೆ, ನೀವು ಹಗಲನ್ನೂ ಹಾಗೇ ಕಳೆಯುತ್ತಿದ್ದೀರಿ ಎಂದು ಅವರು ವಿವರಿಸಿದರು. ಅಂಗಡಿ, ಮಳಿಗೆಗಳಲ್ಲಿ ದುಡಿಯುವ ನನ್ನಂತಹ ಎಷ್ಟೋ ಹೆಣ್ಣುಮಕ್ಕಳಿಗೆ ಈ ಮಾತು ತಲುಪಬೇಕು ಎಂದೇ ಇದನ್ನು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಆಮೇಲೆ ಮಿಲಿಮೀಟರಿನ ಗುರುತುಗಳಿರುವ ಸಣ್ಣ ಕಡ್ಡಿಯೊಂದರಿಂದ ಪ್ರತಿ ಹಲ್ಲಿನ ಸುತ್ತ ವಸಡಿನ ಆಳವನ್ನು ಅಳೆದು, ಸಹಾಯಕಿಗೆ ಅಂಕಿಗಳನ್ನು ಬರೆಸಿದರು. ದಿನವಿಡೀ ಮಿಲಿಮೀಟರುಗಳಲ್ಲೇ ಬದುಕುವ ನನಗೆ ಆ ಲೆಕ್ಕ ಕೂಡಲೇ ಹಿಡಿಸಿತು. ಮೂರರವರೆಗೆ ಇದ್ದರೆ ಆರೋಗ್ಯ. ನನ್ನ ಹಿಂದಿನ ಹಲ್ಲುಗಳಲ್ಲಿ ಕೆಲವು ಕಡೆ ಐದು ಇತ್ತು. ಆ ಸಂದುಗಳಲ್ಲಿ ಮತ್ತು ನಾಲಿಗೆಯ ಹಿಂಭಾಗದ ಒರಟಾದ ಮೇಲ್ಮೈಯಲ್ಲಿ ಗಾಳಿಯಾಡದ ಕಡೆ ಬೆಳೆಯುವ ಸೂಕ್ಷ್ಮಾಣುಗಳು ಅನ್ನದ ಅಂಶ, ಉದುರಿದ ಜೀವಕೋಶಗಳಲ್ಲಿನ ಪ್ರೋಟೀನನ್ನು ಕೊಳೆಸಿ ಗಂಧಕದ ಅನಿಲಗಳನ್ನು ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅವುಗಳಲ್ಲಿ ಒಂದು. ಬಾಯಿ ವಾಸನೆ ಹೊಟ್ಟೆಯಿಂದ ಬರುತ್ತದೆ ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ನಾನೂ ಅದನ್ನು ನಂಬಿ ಜೀರಿಗೆ ಕಷಾಯ ಕುಡಿದಿದ್ದೆ. ಬಹುಪಾಲು ಜನರಲ್ಲಿ ಅದರ ಮೂಲ ಬಾಯಿಯಲ್ಲೇ ಇರುತ್ತದೆ.

ಶುಚಿಗೊಳಿಸುವ ಕೆಲಸ ಎರಡು ದಿನ ನಡೆಯಿತು, ಒಟ್ಟು 1,500 ರೂಪಾಯಿ ಆಯಿತು. ಹಲ್ಲಿನ ಮೇಲಿನ ಪಾಚಿಗೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಅದು ಕಲ್ಲಾಗುತ್ತದೆ. ಜೊಲ್ಲಿನ ನಾಳಗಳು ನಾಲಿಗೆಯ ಅಡಿಯಲ್ಲಿ ತೆರೆದುಕೊಳ್ಳುವುದರಿಂದ ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಲ್ಲೇ ಆ ಕಲ್ಲು ಹೆಚ್ಚು ಕಟ್ಟುತ್ತದೆ, ಮತ್ತು ಯಾವ ಬ್ರಷ್ಷಿನಿಂದಲೂ ಅದು ಏಳುವುದಿಲ್ಲ. ನೀರು ಚಿಮ್ಮುತ್ತಾ ಕಂಪಿಸುವ ಯಂತ್ರದ ತುದಿಯಿಂದ ಅದನ್ನು ಒಡೆದು ತೆಗೆದರು. ನೋವಿಗಿಂತ ಸದ್ದು ಹೆಚ್ಚು. ನಾಲ್ಕೈದು ದಿನ ತಣ್ಣೀರು ಜುಮ್ಮೆನ್ನುತ್ತಿತ್ತು, ಹಲ್ಲುಗಳ ನಡುವೆ ಸಂದು ಬಿಟ್ಟಂತೆ ಅನ್ನಿಸಿತು. ಯಂತ್ರ ಹಚ್ಚಿದರೆ ಹಲ್ಲು ಸಡಿಲಾಗುತ್ತದೆ ಎಂದು ಹೆದರಿಸುವವರು ಈ ಸಂದನ್ನೇ ತಪ್ಪಾಗಿ ತಿಳಿದಿರುತ್ತಾರೆ. ಅದು ಕಲ್ಲು ಕುಳಿತಿದ್ದ ಜಾಗ.

ಚಿಕಿತ್ಸೆ ಚೆನ್ನಾಗಿತ್ತು, ಆದರೆ ಆ ಚಿಕಿತ್ಸಾಲಯದ ಬಗ್ಗೆ ಒಂದು ದೂರು ನನಗಿದೆ. ಎರಡನೆಯ ದಿನ, ಹತ್ತು ಜನ ಕುಳಿತಿದ್ದ ಕೋಣೆಯಲ್ಲಿ, ಮುಂಭಾಗದ ಸಿಬ್ಬಂದಿ ಚೀಟಿ ಹಿಡಿದು "ಬಾಯಿ ವಾಸನೆ ಅಂತ ಬಂದವರು ಯಾರು?" ಎಂದು ಗಟ್ಟಿಯಾಗಿ ಕೂಗಿದರು. ನಾನು ಏಳಲೇ ಇಲ್ಲ. ಅವರು ಹೆಸರು ಕರೆದ ಮೇಲೆ ತಲೆ ತಗ್ಗಿಸಿ ಒಳಗೆ ಹೋದೆ. ಈ ತೊಂದರೆಯಿಂದ ಬರುವವರು ಎಷ್ಟು ಧೈರ್ಯ ಕೂಡಿಸಿಕೊಂಡು ಬಂದಿರುತ್ತಾರೆ ಎಂಬುದನ್ನು ದಂತ ವೈದ್ಯರು ತಮ್ಮ ಸಿಬ್ಬಂದಿಗೆ ತಿಳಿಸಿಕೊಡಬೇಕು. ನಾನು ವೈದ್ಯೆಗೆ ನೇರವಾಗಿಯೇ ಹೇಳಿದೆ, ಅವರು ಕ್ಷಮೆ ಕೇಳಿದರು.

ಈಗ ಪಟ್ಟಿಯ ವಿಷಯ. ಮೊದಲು ನನ್ನ ಬಳಿ ಇದ್ದದ್ದು ಬ್ರಷ್ಷಿನ ಜೊತೆ ಉಚಿತವಾಗಿ ಬಂದಿದ್ದ ಪ್ಲಾಸ್ಟಿಕ್ಕಿನದು. ಒತ್ತಿದರೆ ಬಾಗುತ್ತಿತ್ತು, ಹಿಂದಕ್ಕೆ ತಲುಪುತ್ತಿರಲಿಲ್ಲ. ತಾಮ್ರದ್ದು ಗಟ್ಟಿಯಾಗಿದೆ, ಎರಡೂ ಕೈಯಿಂದ ಹಿಡಿಯುವುದರಿಂದ ಒತ್ತಡ ಸಮನಾಗಿ ಬೀಳುತ್ತದೆ. ಬಳಸುವ ಕ್ರಮ ಕಲಿಯಲು ನನಗೆ ವಾರ ಹಿಡಿಯಿತು. ನಾಲಿಗೆಯನ್ನು ಪೂರ್ತಿ ಹೊರಚಾಚಿ, ಬಾಯಿಯಿಂದ ನಿಧಾನವಾಗಿ ಉಸಿರು ಬಿಡುತ್ತಾ, ಪಟ್ಟಿಯನ್ನು ಸಾಧ್ಯವಾದಷ್ಟು ಹಿಂದೆ ಇಟ್ಟು, ಒಂದೇ ಎಳೆತದಲ್ಲಿ ಮುಂದಕ್ಕೆ ತರಬೇಕು. ಪ್ರತಿ ಸಲ ನೀರಿನಲ್ಲಿ ತೊಳೆದು ನಾಲ್ಕೈದು ಬಾರಿ ಎಳೆದರೆ ಸಾಕು. ಉಸಿರು ಬಿಡುತ್ತಾ ಮಾಡಿದರೆ ಓಕರಿಕೆ ಕಡಿಮೆ. ಹೆಚ್ಚಿನವರು ನಾಲಿಗೆಯ ಮುಂಭಾಗವನ್ನಷ್ಟೇ ಹೆರೆದು ನಿಲ್ಲಿಸುತ್ತಾರೆ. ವಾಸನೆಯ ಮೂಲ ಹಿಂದಿನ ಮೂರನೆಯ ಒಂದು ಭಾಗದಲ್ಲಿರುತ್ತದೆ. ಹಾಗೆಂದು ನೋವಾಗುವಷ್ಟು ಒತ್ತಬಾರದು, ನಾಲಿಗೆ ಕೆಂಪಾಗಿ ಉರಿದರೆ ಒತ್ತಡ ಅತಿಯಾಯಿತೆಂದೇ ಅರ್ಥ.

ತಾಮ್ರವೇ ಬೇಕೇ ಎಂದು ಕೇಳಿದರೆ, ಬೇಕಿಲ್ಲ ಎನ್ನುತ್ತೇನೆ. ತಾಮ್ರಕ್ಕೆ ಸೂಕ್ಷ್ಮಾಣುಗಳನ್ನು ಕೊಲ್ಲುವ ಗುಣವಿರುವುದು ನಿಜ, ಅಂಗಡಿಯವರೂ ಅದನ್ನೇ ಹೇಳಿ ಮಾರಿದರು. ಆದರೆ ನಾಲಿಗೆಯ ಮೇಲೆ ಅದು ಇರುವುದು ಕೆಲವೇ ಸೆಕೆಂಡು. ಶುಚಿಯಾಗುವುದು ಹೆರೆಯುವುದರಿಂದಲೇ ಹೊರತು ಲೋಹದಿಂದಲ್ಲ. ತಾಮ್ರ ವಾರದೊಳಗೆ ಕಪ್ಪಿಡುತ್ತದೆ, ಹುಣಸೆಹಣ್ಣು ಹಚ್ಚಿ ತಿಕ್ಕಬೇಕು. ಉಕ್ಕಿನದಕ್ಕೆ ಆ ಕೆಲಸವಿಲ್ಲ, ಬೆಲೆಯೂ ಅರ್ಧ.

ಇದರ ಜೊತೆ ವೈದ್ಯೆ ಎರಡು ವಾರಕ್ಕೆ 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಎಂಬ ಸೂಕ್ಷ್ಮಾಣುನಾಶಕವಿರುವ, ಬಾಯಿ ಮುಕ್ಕಳಿಸುವ ದ್ರವ ಬರೆದುಕೊಟ್ಟಿದ್ದರು. ದಿನಕ್ಕೆರಡು ಬಾರಿ, ಹಲ್ಲುಜ್ಜಿದ ಅರ್ಧ ಗಂಟೆಯ ನಂತರ. ಪೇಸ್ಟಿನ ನೊರೆಯ ಅಂಶ ಅದರ ಶಕ್ತಿಯನ್ನು ತಗ್ಗಿಸುತ್ತದೆ. ಕೆಲಸ ಮಾಡುವ ದ್ರವವೇ, ಆದರೆ ರುಚಿ ಕೆಡುತ್ತದೆ, ಹೆಚ್ಚು ದಿನ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ. ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಿ ನಿಲ್ಲಿಸಿ. ಹಲ್ಲುಗಳ ಸಂದಿಗೆ ತೂರಿಸುವ ಸಣ್ಣ ಬ್ರಷ್ ಮಾತ್ರ ನನ್ನ ಜೊತೆ ಉಳಿದಿದೆ. ರಾತ್ರಿ ಅದನ್ನು ಬಳಸದೆ ಮಲಗುವುದಿಲ್ಲ.

ಮೂರು ವಾರಗಳಾದ ಮೇಲೆ ಅದೇ ಹಿಂದಿನ ಕೋಣೆಯಲ್ಲಿ ಅಕ್ಕನನ್ನು ನಿಲ್ಲಿಸಿ, ಒಂದು ಗೇಣು ದೂರದಿಂದ ಮಾತಾಡಿ, ಹೇಗಿದೆ ಎಂದು ಕೇಳಿದೆ. "ಏನೂ ಇಲ್ಲವಾ, ಸ್ವಚ್ಛ ಐತಿ," ಎಂದರು. ದುಪಟ್ಟಾದ ಅಂಚು ಬಾಯಿಂದ ಕೆಳಗಿಳಿದದ್ದು ಅಂದು.

ಮಿತಿಗಳೂ ಇವೆ. ಬೆಳಿಗ್ಗೆ ಹೆರೆದದ್ದರ ಪರಿಣಾಮ ಮಧ್ಯಾಹ್ನದ ಹೊತ್ತಿಗೆ ತಗ್ಗುತ್ತದೆ, ಊಟದ ನಂತರ ಚೆನ್ನಾಗಿ ಬಾಯಿ ಮುಕ್ಕಳಿಸಲೇಬೇಕು. ನಮ್ಮ ಕಡೆಯ ರೊಟ್ಟಿ ಊಟಕ್ಕೆ ಬೆಳ್ಳುಳ್ಳಿ ಚಟ್ನಿ, ಹಸಿ ಉಳ್ಳಾಗಡ್ಡಿ ಇಲ್ಲದೆ ಸೊಗಸಿಲ್ಲ. ಆದರೆ ಬೆಳ್ಳುಳ್ಳಿಯ ವಾಸನೆಯ ಅಂಶ ರಕ್ತಕ್ಕೆ ಸೇರಿ ಶ್ವಾಸಕೋಶದ ಮೂಲಕ ಗಂಟೆಗಟ್ಟಲೆ ಹೊರಬರುತ್ತಿರುತ್ತದೆ, ಅದಕ್ಕೆ ಯಾವ ಪಟ್ಟಿಯೂ ಸಾಲದು. ನಾನು ಅವೆರಡನ್ನೂ ರಾತ್ರಿಯ ಊಟಕ್ಕೆ ವರ್ಗಾಯಿಸಿದ್ದೇನೆ. ಹಲ್ಲು, ವಸಡು, ನಾಲಿಗೆ ಎಲ್ಲ ಶುಚಿಯಾಗಿದ್ದೂ ವಾಸನೆ ಉಳಿದರೆ ಗಂಟಲ ಗ್ರಂಥಿ (ಟಾನ್ಸಿಲ್), ಮೂಗಿನ ಸೋಂಕು, ಸಕ್ಕರೆ ಕಾಯಿಲೆ ಇವುಗಳ ತಪಾಸಣೆ ಬೇಕಾಗುತ್ತದೆ. ಅಲ್ಲಿ ಹೊಸ ಪಟ್ಟಿ, ಹೊಸ ಪೇಸ್ಟು ಕೊಳ್ಳುತ್ತಾ ಕಾಲ ಕಳೆಯಬೇಡಿ.

ಕಳೆದ ತಿಂಗಳು ಕಂಚಗಾರ ಗಲ್ಲಿಗೆ ಮತ್ತೆ ಹೋಗಿ 50 ರೂಪಾಯಿಗೆ ಉಕ್ಕಿನ ಪಟ್ಟಿಯೊಂದನ್ನು ತಂದು ಅಂಗಡಿಯ ನನ್ನ ಖಾನೆಯಲ್ಲಿ ಇಟ್ಟಿದ್ದೇನೆ, ಪಕ್ಕದಲ್ಲಿ ಒಂದು ಲೀಟರಿನ ನೀರಿನ ಬಾಟಲಿ. ಶೌಚಾಲಯದ ಕೀಲಿಯ ಎರಡನೆಯ ಪ್ರತಿಯನ್ನು ನಾನೂ ಅಕ್ಕನೂ ಸೇರಿ ಮಾಲೀಕರಿಂದ ಕೇಳಿ ಪಡೆದಿದ್ದೇವೆ. ಅದೀಗ ಬಿಲ್ಲಿನ ಮೇಜಿನ ಮೊಳೆಗೆ ತೂಗುತ್ತದೆ. ನೀವು ಪಟ್ಟಿ ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲು ಅದರ ಅಂಚಿನ ಮೇಲೆ ಬೆರಳು ಆಡಿಸಿ ನೋಡಿ. ನಾನು ಮೊದಲು ಆರಿಸಿದ್ದರಲ್ಲಿ ಒಂದು ಕಡೆ ತಗಡು ಸರಿಯಾಗಿ ತಿಕ್ಕದೆ ಚೂಪಾಗಿ ಉಳಿದಿತ್ತು, ಹೇಳಿದ ಕೂಡಲೇ ಅಂಗಡಿಯವರು ಬೇರೆಯದನ್ನು ಕೊಟ್ಟರು.